ಅಮ್ಮಿಯ ಬಿಸಿಲು

"ನಿಮ್ಮ ಮಗಾ ಮೋಡದ ಮ್ಯಾಲೆ ಇರ್ತಾನ ಬಿಡ್ರಿ, ಅವಗೇನ ಬಿಸಿಲ ಹತ್ತತೈತಿ?" ಎಂದು ನೆರೆಮನೆಯ ಕಾಕು ಪ್ರತಿ ಬೇಸಿಗೆಯಲ್ಲೂ ಅಮ್ಮಿಗೆ ಹೇಳುತ್ತಿದ್ದರು. ಅಮ್ಮಿ ನಕ್ಕು, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ರೊಟ್ಟಿ ಬಡಿಯಲು ಕೂರುತ್ತಿದ್ದರು.

ಕಾಕು ಹೇಳಿದ್ದು ಅರ್ಧ ನಿಜ. ನಾನು ವಿಮಾನ ಚಾಲಕ. ಎರಡು ಪಂಖಗಳ, ಎಪ್ಪತ್ತು ಚಿಲ್ಲರೆ ಆಸನಗಳ ಸಣ್ಣ ವಿಮಾನ ನನ್ನದು. ಅದು ಮೇಲೇರಿದ ಮೇಲೆ ಕಿಟಕಿಯ ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಆದರೆ ನೆಲ ಬಿಡುವ ಮೊದಲು ನಮ್ಮಷ್ಟು ಬಿಸಿಲಿಗೆ ಹೆದರುವವರು ಬೇರೆ ಯಾರೂ ಇರಲಿಕ್ಕಿಲ್ಲ.

ಬಿಸಿಯಾದ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಆಧಾರ ಸಾಲದು, ಎಂಜಿನ್ನಿಗೆ ಉಸಿರು ಸಾಲದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ 37 ಡಿಗ್ರಿ ಬಿಸಿಲಿದ್ದರೆ, ವಿಮಾನದ ಪಾಲಿಗೆ ಅದು ಐದೂವರೆ ಸಾವಿರ ಅಡಿಗಿಂತ ಎತ್ತರದ ಬೆಟ್ಟದ ಮೇಲಿಂದ ಹಾರಿದಂತೆ. ಓಡಲು ಹೆಚ್ಚು ದೂರ ಬೇಕು, ಮೇಲೇರಲು ಹೆಚ್ಚು ಹೊತ್ತು ಬೇಕು. ಆದ್ದರಿಂದ ಹಾರುವ ಮೊದಲು ಅಂದಿನ ಬಿಸಿಲೆಷ್ಟು, ಗಾಳಿ ಎಷ್ಟು, ರನ್‌ವೇ ಎಷ್ಟು ಎಂದು ಕೂತು ಲೆಕ್ಕ ಹಾಕುತ್ತೇವೆ. ಲೆಕ್ಕ ಹೊಂದದಿದ್ದರೆ ಭಾರ ಇಳಿಸುತ್ತೇವೆ. ಸಾಮಾನು ಉಳಿಯುತ್ತದೆ, ಕೆಲವೊಮ್ಮೆ ಪ್ರಯಾಣಿಕರೂ ಉಳಿಯಬೇಕಾಗುತ್ತದೆ. ಯಾರು ಎಷ್ಟು ಸಿಟ್ಟಾದರೂ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ಈ ಲೆಕ್ಕ ಕಲಿಯಲು ಅಬ್ಬಾ ಎರಡು ಎಕರೆ ಕಬ್ಬಿನ ಹೊಲ ಮಾರಿದರು. ಅಮ್ಮಿ ಬಂಗಾರದ ಬಳೆಗಳನ್ನು ಕೊಟ್ಟರು. ಅದೇ ಲೆಕ್ಕವನ್ನು ಅಮ್ಮಿಗಾಗಿ ಒಂದು ದಿನವೂ ನಾನು ಹಾಕಲಿಲ್ಲ ಎಂಬುದು ತಿಳಿದದ್ದು ಬಹಳ ತಡವಾಗಿ.

ನಮ್ಮದು ರಾಯಬಾಗ ತಾಲೂಕಿನ, ಕುಡಚಿ ಹತ್ತಿರದ ಒಂದು ಹಳ್ಳಿ. ಹೊಳೆಯ ಈಚೆ ಕುಡಚಿ, ಆಚೆ ಕಾಗವಾಡ ತಾಲೂಕಿನ ಉಗಾರ. ನಡುವೆ ಕೃಷ್ಣೆ. ಆಪಾಳನ್ನು ಕೊಟ್ಟದ್ದು ಉಗಾರಕ್ಕೆ, ಭಾಬಿಯ ತವರು ಅಥಣಿ. ಅಮ್ಮಿ ಮಾತ್ರ ನಿಪ್ಪಾಣಿಯವರು, ತಂಬಾಕಿನ ಘಾಟಿನಲ್ಲೇ ಬೆಳೆದವರು. ಮದುವೆಗೆ ಮೊದಲು ಬೀಡಿ ಕಟ್ಟಿದ ಕೈ ಅವರದು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ, ತವರಿಗೆ ಹೋದರೆ ಮರಾಠಿ. ಮೂರೂ ಭಾಷೆಯಲ್ಲಿ ಅವರ ಬಾಯಿಂದ ಬಾರದ ಮಾತು ಒಂದೇ, "ನನಗೆ ಆಗುವುದಿಲ್ಲ."

ಮುಂಬೈಯಿಂದ ಬೆಳಗಾವಿಗೆ ಬರುವಾಗ ಕೊಲ್ಹಾಪುರ ದಾಟಿದರೆ ನಮ್ಮ ಸೀಮೆ ಶುರುವಾಗುತ್ತದೆ. ಹೆದ್ದಾರಿಯ ಮಗ್ಗುಲಿಗೆ ನಿಪ್ಪಾಣಿ, ಆಮೇಲೆ ತವಂದಿ ಘಾಟ್, ಎಡಕ್ಕೆ ಚಿಕ್ಕೋಡಿಯ ಬಯಲು. ಬಾನು ತಿಳಿಯಾಗಿದ್ದರೆ ದೂರದಲ್ಲಿ ಕೃಷ್ಣೆ ಬೆಳ್ಳಿಯ ಗೆರೆಯ ಹಾಗೆ ಕಾಣುತ್ತದೆ. ಅದರ ಎರಡೂ ಬದಿಗೆ ಕಬ್ಬಿನ ಹಸಿರು. "ನಿಮ್ಮ ಕಡೆ ಎಷ್ಟು ತಂಪು!" ಎಂದು ಜೊತೆಯ ಚಾಲಕರು ಹೇಳಿದ್ದುಂಟು. ಮೇಲಿನಿಂದ ಹಾಗೇ ಕಾಣುತ್ತದೆ. ಆ ಹಸಿರಿನ ನಡುವೆ ಬಿಸಿಲಿಗೆ ಮಿಂಚುವ ಚುಕ್ಕೆಗಳೂ ಕಾಣುತ್ತವೆ. ಅವು ಮನೆಗಳ ಮೇಲಿನ ಪತ್ರಾಸುಗಳು. ಪ್ರತಿ ಪತ್ರಾಸಿನ ಕೆಳಗೂ ಒಂದು ಒಲೆ, ಒಲೆಯ ಮುಂದೆ ಒಬ್ಬ ಹೆಂಗಸು. ಅದು ಮೇಲಿನಿಂದ ಕಾಣುವುದಿಲ್ಲ.

2019ರ ರಮಝಾನ್ ಮೇ ತಿಂಗಳಲ್ಲಿ ಬಂದಿತ್ತು. ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಮರಳು ಕಾಣುತ್ತಿತ್ತು. ಕೊಯ್ನಾದಿಂದ ನೀರು ಬಿಡಿರೆಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳುತ್ತಿದ್ದ ದಿನಗಳವು. ನಳಕ್ಕೆ ನೀರಿಲ್ಲ. ಟ್ಯಾಂಕರ್ ಬಂದಾಗ ಅಮ್ಮಿ ಕೊಡ ಹೊತ್ತು ತಂದು ಹರವಿ ತುಂಬಿಸಬೇಕಿತ್ತು. ಭಾಬಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಮನೆಯಲ್ಲಿ ಅಬ್ಬಾ, ಭಾಯಿಜಾನ್, ಅವರ ಇಬ್ಬರು ಗಂಡುಮಕ್ಕಳು. ರಜೆಯ ಮೇಲೆ ನಾನೂ ಹೋಗಿ ಸೇರಿಕೊಂಡೆ. ದುಡಿಯುವ ಕೈ ಅಮ್ಮಿಯದೊಂದೇ.

ಹೋದ ಮೂರನೆಯ ದಿನ ನಾನು ಹೇಳಿದೆ, "ಅಮ್ಮಿ, ನಾಳೆ ಇಫ್ತಾರ್‌ಗೆ ನನ್ನ ಹತ್ತು ಗೆಳೆಯರು ಬರುತ್ತಾರೆ. ಬಿರಿಯಾನಿ ಇರಲಿ, ಸಮೋಸ ಅಂಗಡಿಯದು ಬೇಡ, ನಿಮ್ಮ ಕೈಯದೇ ಬೇಕು."

"ಆಗಲಿ ಬೇಟಾ" ಎಂದರು.

ಮರುದಿನ ನಾನು ಝುಹ್ರ್ ನಮಾಝ್ ಮುಗಿಸಿ ಪಡಸಾಲೆಯಲ್ಲಿ ಕೂಲರ್ ಮುಂದೆ ಮಲಗಿದೆ. ನನಗೂ ಉಪವಾಸ, ಆಯಾಸ. ಅಸರ್ ಬಾಂಗಿನ ಹೊತ್ತಿಗೆ ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಓಡಿ ಹೋದರೆ ಅಮ್ಮಿ ನೆಲದ ಮೇಲೆ ಬಿದ್ದಿದ್ದರು. ಒಲೆಯ ಮೇಲೆ ಎಣ್ಣೆ ಕುದಿಯುತ್ತಿತ್ತು. ದೇವರು ದೊಡ್ಡವನು, ಬಾಣಲೆ ಅವರ ಮೇಲೆ ಉರುಳಲಿಲ್ಲ. ಅವರನ್ನು ಎತ್ತಿಕೊಳ್ಳುವಾಗ ಮೈ ಕೆಂಡದಂತಿತ್ತು. ಆಗ ಆ ಕೋಣೆಯ ಝಳ ನನ್ನ ಮುಖಕ್ಕೆ ಬಡಿಯಿತು. ಮೇಲೆ ಕಾದ ಪತ್ರಾಸು, ಒಂದೇ ಕಿಟಕಿ, ಅದಕ್ಕೂ ಹೊಗೆಯ ಮಸಿ. ಇಪ್ಪತ್ತೆಂಟು ವರ್ಷ ಆ ಕೋಣೆಯ ಊಟ ಉಂಡಿದ್ದೆ. ಮಧ್ಯಾಹ್ನದ ಹೊತ್ತು ಅಲ್ಲಿ ಐದು ನಿಮಿಷ ನಿಂತವನಲ್ಲ.

ಮೊದಲು ರಾಯಬಾಗ, ಅಲ್ಲಿಂದ ಚಿಕ್ಕೋಡಿ. ಎರಡು ದಿನ ಸಲಾಯಿನ್ ಹಾಕಿದರು. ವೈದ್ಯರು ನನ್ನನ್ನು ಹೊರಗೆ ಕರೆದು ಕೇಳಿದರು, "ಇವರಿಗೆ ಬಿ.ಪಿ. ಮಾತ್ರೆ ನಡೆಯುತ್ತಿದೆ, ಗೊತ್ತೇ?" ನನಗೆ ಗೊತ್ತಿರಲಿಲ್ಲ. ಕೆಲವು ಬಿ.ಪಿ. ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ, ಮೇಲಿಂದ ಬೆವರು, ಉಪವಾಸ, ಬೆಂಕಿ; ಇನ್ನೊಂದು ಗಂಟೆ ತಡವಾಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿತ್ತು ಎಂದರು.

ರಾತ್ರಿ ಅಮ್ಮಿಯ ಕಾಲ ಬಳಿ ಕೂತಿದ್ದೆ. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನಿನ್ನ ಗೆಳೆಯರು ಊಟ ಮಾಡಿದರೇ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾರುವ ದಿನ ನಾನು ಉಪವಾಸ ಹಿಡಿಯುವುದಿಲ್ಲ. ಪ್ರಯಾಣಿಕನಿಗೂ ರೋಗಿಗೂ ಪವಿತ್ರ ಕುರ್‌ಆನ್ ಕೊಟ್ಟ ವಿನಾಯಿತಿ ನನಗೆ ಚೆನ್ನಾಗಿ ನೆನಪಿದೆ, ಆ ಉಪವಾಸಗಳನ್ನು ಆಮೇಲೆ ತೀರಿಸುತ್ತೇನೆ. ಅದೇ ವಾಕ್ಯದಲ್ಲಿರುವ ರೋಗಿ ನನ್ನ ಮನೆಯಲ್ಲೇ ಇದ್ದರೆಂಬುದು ನೆನಪಾಗಲಿಲ್ಲ. ಅಮ್ಮಿ ತಾವಾಗಿ ಕೇಳುವವರಲ್ಲ. "ವೈದ್ಯರನ್ನು ಕೇಳೋಣ, ಈ ವರ್ಷ ಬಿಡಿ" ಎಂದು ಹೇಳಬೇಕಾದವರು ನಾವು. ನಾವು ಹೇಳಿದ್ದು ಸಮೋಸದ ಮಾತು.

ನಮಗೆ ದಿನಕ್ಕೆ ಇಷ್ಟೇ ಗಂಟೆ ಹಾರಬೇಕು, ಇಷ್ಟು ಹೊತ್ತು ಮಲಗಲೇಬೇಕು ಎಂಬ ಕಾನೂನಿದೆ. ನಮ್ಮ ವಾರದ ಕಡ್ಡಾಯ ವಿಶ್ರಾಂತಿಯನ್ನು 2025ರ ಜುಲೈಯಿಂದ 36 ಗಂಟೆಯಿಂದ 48 ಗಂಟೆಗೆ ಏರಿಸಿದರು. ದಣಿದ ಚಾಲಕನಿಂದ ಎಪ್ಪತ್ತು ಜೀವಗಳಿಗೆ ಅಪಾಯ ಎಂಬುದು ಸರ್ಕಾರಕ್ಕೂ ಗೊತ್ತು. ಸಹರಿಗೆಂದು ಮೂರು ಗಂಟೆಗೆ ಎದ್ದು, ತರಾವೀಹ್ ಮುಗಿದ ಮೇಲೂ ಪಾತ್ರೆ ತೊಳೆಯುವ ತಾಯಿಯ ವಿಶ್ರಾಂತಿಗೆ ಕಾನೂನು ಎಲ್ಲಿದೆ? ಅದನ್ನು ಮನೆಯವರೇ ಮಾಡಬೇಕು. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಎದ್ದು ಬಂದು, "ಚಹಾ ಎಲ್ಲಿ?" ಎಂದಿದ್ದೇವೆ.

ಅಮ್ಮಿ ಮನೆಗೆ ಬಂದ ಮೇಲೆ ನಾನು, ಭಾಯಿಜಾನ್ ಸೇರಿ ಲೆಕ್ಕಕ್ಕೆ ಕೂತೆವು. ವಿಮಾನದಲ್ಲಾದರೆ ಮೊದಲು ಏನು ಇಳಿಸುತ್ತೇವೆ? ಭಾರ. ನೀರು ತರುವ ಕೆಲಸ ಅಮ್ಮಿಯಿಂದ ತೆಗೆದೆವು, ಅದು ಗಂಡಸರದು. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಬೇಸಿಗೆಯಲ್ಲಿ ಒಲೆ ಹಚ್ಚುವಂತಿಲ್ಲ. ಅತಿಥಿಗಳನ್ನು ಕರೆದವರೇ ಅಡುಗೆಗೂ ನಿಲ್ಲಬೇಕು. ಪತ್ರಾಸಿನ ಮೇಲೆ ಬಿಳಿ ಬಣ್ಣ ಬಳಿಸಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಿರುಗಿಸುತ್ತದೆ, ಒಳಗಿನ ಕಾವು ಕೈಗೆ ತಿಳಿಯುವಷ್ಟು ಇಳಿಯುತ್ತದೆ. ಕಿಟಕಿಯ ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿ ಒಡೆಸಿದೆವು, ಗಾಳಿ ಬರಲು ಮಾತ್ರವಲ್ಲ, ಹೋಗಲೂ ದಾರಿ ಬೇಕಲ್ಲ. ಇಷ್ಟಕ್ಕೆ ಆದ ಖರ್ಚು ನಾನು ಆ ವರ್ಷ ಕೊಂಡ ಮೊಬೈಲಿಗಿಂತ ಕಡಿಮೆ.

ಅದೇ ವರ್ಷ ಆಗಸ್ಟ್‌ನಲ್ಲಿ ಬತ್ತಿದ ಕೃಷ್ಣೆಯೇ ಉಕ್ಕಿ ಹರಿದು ನಮ್ಮ ಸೀಮೆಯ ಹಳ್ಳಿಗಳನ್ನು ಮುಳುಗಿಸಿದಳು. ನಾವು ಕೆಲ ದಿನ ಉಗಾರದ ಆಪಾಳ ಮನೆಗೂ ಹೋಗಲಾರದೆ ಹೊಳೆಯ ಈಚೆಯೇ ಉಳಿದೆವು. ನೀರು ಇಳಿದ ಮೇಲೆ ಕೆಸರು ಬಳಿಯಲು ಪೊರಕೆ ಹಿಡಿದವರಲ್ಲಿ ಭಾಯಿಜಾನ್ ಮೊದಲಿಗರು. ಅಮ್ಮಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರು ಹಾಗೆ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಈಗ ಬೇಸಿಗೆಯಿಂದ ಹೊರಗೆ ಹೋಗಿದೆ. ಬಿಸಿಲು ಮಾತ್ರ ಎಲ್ಲಿಗೂ ಹೋಗಿಲ್ಲ. ಸಹೋದರಿಯರೇ, ಇದನ್ನು ಓದಿದ ಮೇಲೆ ಪತ್ರಿಕೆಯನ್ನು ಮನೆಯ ಗಂಡಸರ ಕೈಗೆ ಕೊಡಿ. ಮೇ ತಿಂಗಳ ಒಂದು ಮಧ್ಯಾಹ್ನ, ಮೂರು ಗಂಟೆಗೆ, ಒಲೆ ಉರಿಯುವಾಗ ಅಡುಗೆ ಕೋಣೆಯಲ್ಲಿ ಅವರು ಹತ್ತು ನಿಮಿಷ ನಿಂತು ನೋಡಲಿ. ಅಮ್ಮಿಯ ಮಾತ್ರೆಯ ಹೆಸರೇನು, ಎಷ್ಟು ಹೊತ್ತಿಗೆ ಎಂದು ಮಕ್ಕಳು ಕೇಳಿ ತಿಳಿದಿರಲಿ.

ಹೋದ ಬೇಸಿಗೆಯ ರಜೆಯಲ್ಲಿ ನಾನು ರೊಟ್ಟಿ ಬಡಿಯಲು ಕೂತಿದ್ದೆ. ಜೋಳದ ಹಿಟ್ಟು ನನ್ನ ಮಾತು ಕೇಳಲಿಲ್ಲ, ಅಂಚೆಲ್ಲ ಹರಿದು ಸೊಟ್ಟಗಾಯಿತು. ಅಮ್ಮಿ ಅದನ್ನೆತ್ತಿ ಕಾಕುವಿಗೆ ತೋರಿಸಿ, "ನೋಡಿ, ನಮ್ಮ ಪೈಲಟ್ ಮಹಾರಾಷ್ಟ್ರದ ನಕಾಶೆ ಬರೆದಿದ್ದಾನೆ" ಎಂದು ನಕ್ಕರು. ಆಮೇಲೆ ಅದೇ ರೊಟ್ಟಿಯನ್ನು ತಮ್ಮ ತಾಟಿಗೆ ಹಾಕಿಕೊಂಡರು.