ಅಚ್ಚುಕೂಟದ ದಾರಿ

ಹಿರಿಯಡ್ಕದ ವೀರಭದ್ರ ದೇವಸ್ಥಾನವೂ ನಂದಳಿಕೆಯ ಮಹಾಲಿಂಗೇಶ್ವರ ದೇವಸ್ಥಾನವೂ ಸಿರಿಜಾತ್ರೆಗೆ ಹೆಸರಾದವು. ಸಿರಿಯ ಕಥೆಯನ್ನು ಹೇಳುವ ತುಳು ಪಾಡ್ದನವನ್ನು ಮೊದಲು ಕಟ್ಟಿದವರು ಯಾರೆಂದು ಜಾತ್ರೆಗೆ ಬಂದವರು ಕೇಳುವುದಿಲ್ಲ. ಬಾಯಿಂದ ಬಾಯಿಗೆ ಹರಿದುಬಂದ ಹಾಡಿಗೆ ಕರ್ತೃವಿನ ಹೆಸರಿನ ಹಂಗಿಲ್ಲ. ಅಚ್ಚಿನ ಅಕ್ಷರದ ಮಾತು ಬೇರೆ. ಅದರ ಕೆಳಗೆ ಯಾರಾದರೊಬ್ಬರ ಹೆಸರು ಇರಲೇಬೇಕು. ಮೊದಲ ಕವಿತೆಯನ್ನು ಪತ್ರಿಕೆಗೆ ಕಳುಹಿಸಲು ಹೊರಟ ವಿದ್ಯಾರ್ಥಿಯ ಕೈ ನಡುಗುವುದು ಕವಿತೆಯನ್ನು ಬರೆಯುವಾಗಲ್ಲ. ಅದರ ಕೆಳಗೆ ತನ್ನ ಹೆಸರನ್ನು ಬರೆಯುವಾಗ. ‘ಪಂಡಿತರು ನಕ್ಕರೆ? ಸಂಪಾದಕರು ತಿರಸ್ಕರಿಸಿದರೆ?’ ಎಂಬ ಅಳುಕು ಅದಕ್ಕೆ ಕಾರಣ.

ಈ ಅಳುಕು ಈ ನೆಲಕ್ಕೆ ಹೊಸದಲ್ಲ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಹಗಲು ಮಕ್ಕಳಿಗೆ ಕವಾಯತು ಕಲಿಸುತ್ತಿದ್ದ ಆ ಬಡ ಉಪಾಧ್ಯಾಯರು ಹಳಗನ್ನಡ ಕಾವ್ಯಗಳಲ್ಲಿ ಮುಳುಗಿದವರು. ‘ರತ್ನಾವತೀ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದವರು. ಆ ಕಾಲದಲ್ಲಿ ಮೈಸೂರಿನಿಂದ ‘ಕಾವ್ಯಮಂಜರಿ’ ಎಂಬ ಪತ್ರಿಕೆ ಹೊರಡುತ್ತಿತ್ತು. ಪ್ರಾಚೀನ ಕನ್ನಡ ಕೃತಿಗಳನ್ನು ಶೋಧಿಸಿ ಅಚ್ಚುಮಾಡುವುದು ಅದರ ವ್ರತ. ಕಡಲತೀರದ ಹೊಸ ಕವಿಯೊಬ್ಬನಿಗೆ ಅಲ್ಲಿ ಎಡೆಯೆಲ್ಲಿಂದ ಬರಬೇಕು? ಲಕ್ಷ್ಮೀನಾರಣಪ್ಪನವರು ಒಂದು ಉಪಾಯ ಹೂಡಿದರು. ತಾವೇ ರಚಿಸಿದ ಕೃತಿಗಳನ್ನು ಹಿಂದಿನ ಕಾಲದ ಕೃತಿಗಳೆಂದು ಹೇಳಿ ಕಳುಹಿಸಿದರು. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳು ಹೀಗೆ ಬೆಳಕು ಕಂಡವು. ವಿದ್ವಾಂಸರು ನಂಬಿದರು, ಓದಿ ತಲೆದೂಗಿದರು. ಆ ‘ಪ್ರಾಚೀನ’ ಕವಿ ಉಡುಪಿಯ ಆಟದ ಬಯಲಿನಲ್ಲಿ ನಿಂತಿರುವನೆಂದು ಓದುಗರಿಗೆ ತಿಳಿಯಲಿಲ್ಲ. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿ, ಅವರು ಕ್ಷಯರೋಗಕ್ಕೆ ತುತ್ತಾದರು. ನಿಜ ಹೊರಬಿದ್ದು ನಾಡು ‘ಮುದ್ದಣ’ನೆಂದು ಅವರನ್ನು ಕೊಂಡಾಡಿದ್ದು ಆಮೇಲೆ. ಮುದ್ದಣ ಎಂಬುದಾದರೂ ಬಾಲ್ಯದಲ್ಲಿ ಮನೆಯವರು ಕರೆಯುತ್ತಿದ್ದ ಅಕ್ಕರೆಯ ಹೆಸರೇ. ಅಡಗಬೇಕೆಂದ ಕವಿಗೂ ಪೂರ್ತಿ ಅಡಗಲು ಮನಸ್ಸು ಬರಲಿಲ್ಲವೋ ಏನೋ!

ಮುದ್ದಣನ ಉಪಾಯವನ್ನು ಇಂದಿನ ತರುಣರು ಅನುಸರಿಸಬೇಕಾಗಿಲ್ಲ. ತನ್ನ ಬರಹಕ್ಕೆ ದೊರೆತ ಮೆಚ್ಚುಗೆಯನ್ನು ತನ್ನದೆಂದು ಹೇಳಿಕೊಳ್ಳಲಾಗದೆ ಕಣ್ಮುಚ್ಚುವುದು ಸಣ್ಣ ನಷ್ಟವಲ್ಲ. ಆದರೆ ಹಳೆಯ ಹೆಸರಿನ ಮುಸುಕೊಂದೇ ಆತನನ್ನು ಅಚ್ಚುಕೂಟಕ್ಕೆ ಮುಟ್ಟಿಸಿತೆಂದು ಭಾವಿಸುವುದು ತಪ್ಪು. ಪಂಡಿತರ ಕಣ್ಣಿಗೆ ಹಳೆಯ ಕಾವ್ಯವೆಂದೇ ತೋರುವಂತೆ ಬರೆಯಬೇಕಾದರೆ ಆತ ಎಷ್ಟು ಓದಿರಬೇಕು! ಪತ್ರಿಕೆಯ ಒಲವು ಯಾವುದೆಂದು ಅರಿತು ಅದಕ್ಕೆ ತಕ್ಕುದನ್ನೇ ಆತ ಕಳುಹಿಸಿದ. ಒಂದು ಪತ್ರಿಕೆಯ ಹತ್ತು ಸಂಚಿಕೆಗಳನ್ನೂ ಓದದೆ ಅದಕ್ಕೆ ಕಥೆ ಕಳುಹಿಸುವವರು ಇಂದಿಗೂ ಉಂಟು. ಮಕ್ಕಳ ಪುಟಕ್ಕೆ ಮೂವತ್ತು ಹಾಳೆಯ ಕಥೆಯನ್ನು ಕಳುಹಿಸಿ, ಅದು ಮರಳಿದಾಗ ಸಂಪಾದಕರನ್ನು ದೂರುವವರಿಗೆ ಯಾರು ತಾನೆ ಏನು ಹೇಳಿಯಾರು?

‘ಶ್ರೀರಾಮಾಶ್ವಮೇಧ’ದಲ್ಲಿ ಇನ್ನೊಂದು ಪಾಠ ಅಡಗಿದೆ. ಅಲ್ಲಿ ಕವಿ ಮಳೆಗಾಲದಲ್ಲಿ ತನ್ನ ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಮನೋರಮೆ ಸುಮ್ಮನೆ ಹೂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ, ಸಂಸ್ಕೃತದ ಭಾರ ಹೆಚ್ಚಾದರೆ ತಡೆಯುತ್ತಾಳೆ, ಹಾಸ್ಯಮಾಡುತ್ತಾಳೆ. ಬರೆಯುವ ಪ್ರತಿಯೊಬ್ಬರಿಗೂ ಇಂಥ ಒಬ್ಬರು ಬೇಕು. ಅಕ್ಕನೋ ಗೆಳೆಯನೋ ಆಗಬಹುದು. ‘ಚೆನ್ನಾಗಿದೆ’ ಎಂದು ಎದ್ದುಹೋಗುವವರಿಗಿಂತ ‘ಇದು ಅರ್ಥವಾಗಲಿಲ್ಲ’ ಎಂದು ಕುಳಿತುಕೊಳ್ಳುವವರು ಮೇಲು. ಅವರಿಗೆ ಗಟ್ಟಿಯಾಗಿ ಓದಿಹೇಳುವಾಗ ಎಲ್ಲಿ ನಾಲಗೆ ತೊಡರುವುದೋ ಅಲ್ಲಿ ವಾಕ್ಯವನ್ನು ತಿದ್ದಬೇಕು.

ಇನ್ನು ಕಳುಹಿಸುವ ಕ್ರಮ. ಹಾಳೆಯ ಒಂದೇ ಮಗ್ಗುಲಲ್ಲಿ, ಅಂಚು ಬಿಟ್ಟು, ದುಂಡಾಗಿ ಬರೆದು, ಮರಳಿ ಕಳುಹಿಸಲು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡುವುದು ಹಿಂದಿನ ರೂಢಿ. ಈಗ ಬಹುಪಾಲು ಬರಹಗಳು ಮಿಂಚಂಚೆಯಲ್ಲಿ ಹೋಗುತ್ತವೆ. ಆದರೂ ಒಂದು ಪ್ರತಿಯನ್ನು ತನ್ನಲ್ಲಿ ಇರಿಸಿಕೊಳ್ಳುವುದು, ಒಂದೇ ಬರಹವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸದಿರುವುದು ಹಳತಾದ ನಿಯಮಗಳಲ್ಲ. ದೀಪಾವಳಿ ವಿಶೇಷಾಂಕಕ್ಕೆ ಬರೆಯುವವರು ಹಬ್ಬದ ಹಿಂದಿನ ವಾರ ಎಚ್ಚರಗೊಂಡರೆ ಪ್ರಯೋಜನವಿಲ್ಲ; ಆ ಸಂಚಿಕೆಯ ಸಿದ್ಧತೆ ತಿಂಗಳುಗಳ ಮೊದಲೇ ತೊಡಗಿರುತ್ತದೆ. ಹಿರಿಯಡ್ಕಕ್ಕೆ ಸಮೀಪದ ಮಣಿಪಾಲದಲ್ಲಿಯೇ 1970ರಲ್ಲಿ ‘ಉದಯವಾಣಿ’ ದಿನಪತ್ರಿಕೆ ಆರಂಭವಾಯಿತು. ಊರಿನ ಹತ್ತಿರವೇ ಪತ್ರಿಕೆಯಿರುವುದು ಭಾಗ್ಯವೇ ಸರಿ. ಆದರೆ ಪರಿಚಯದವರ ಮಾತಿನಿಂದ ಅಚ್ಚಾದ ಬರಹಕ್ಕೂ ಅಪರಿಚಿತರು ಓದಿ ಆರಿಸಿದ ಬರಹಕ್ಕೂ ಇರುವ ಅಂತರ ಬರೆದವನ ಅಂತರಂಗಕ್ಕೆ ತಿಳಿಯದಿರದು.

ಬರಹ ಮರಳಿ ಬಂದೀತು. ವಿಷಾದಪತ್ರದ ಎರಡು ಸಾಲನ್ನು ಓದಿ ಲೇಖನಿಯನ್ನು ಎತ್ತಿಡುವವರು ಹಲವರು. ಸಂಪಾದಕರ ನಿರಾಕರಣೆಗೆ ಪುಟದ ಅಭಾವವೂ ಕಾರಣವಾಗಬಹುದು, ಅಂಥದೇ ಬರಹ ಮೊದಲೇ ಬಂದಿರಬಹುದು. ನಿಜವಾಗಿಯೂ ಬರಹವೇ ಸೊರಗಿರಬಹುದು. ತಿಂಗಳೊಂದು ಕಳೆದ ಬಳಿಕ ಬರೆದವರೇ ಅದನ್ನು ಹೊರತೆಗೆದು ಓದಿದರೆ ಯಾವುದೆಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಪುಸ್ತಕದ ಆತುರ ಮಾತ್ರ ಒಳ್ಳೆಯದಲ್ಲ. ಹತ್ತು ಕವಿತೆ ಬರೆದೊಡನೆ ಸಾಲಮಾಡಿ ಸಾವಿರ ಪ್ರತಿ ಅಚ್ಚುಹಾಕಿಸಿ, ಕಟ್ಟುಗಳನ್ನು ಅಟ್ಟದ ಮೇಲೆ ಗೆದ್ದಲಿಗೆ ಒಪ್ಪಿಸಿದ ಮನೆಗಳು ಕಡಮೆಯಿಲ್ಲ. ತರುಣರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಪ್ರೋತ್ಸಾಹಧನದ ಯೋಜನೆಯನ್ನು ರೂಪಿಸಿದೆ. ಹಸ್ತಪ್ರತಿ ಅಲ್ಲಿ ಆಯ್ಕೆಯಾಗಬೇಕು. ಸ್ವತಃ ಪ್ರಕಟಿಸಿ ಗಟ್ಟಿಯಾಗಿ ನಿಂತವರೂ ಇದ್ದಾರೆ. ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸಿ ಪುಸ್ತಕಗಳನ್ನು ಅಚ್ಚುಮಾಡಿದರು. ಹಾವೇರಿಯ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕೊಳ್ಳುವವನ ಮುಖವನ್ನು ನೋಡಿ ಪುಸ್ತಕ ಕೊಟ್ಟ ಲೇಖಕರು ಅವರು. ಮುಂದಿನ ಕಾದಂಬರಿ ಯಾರಿಗಾಗಿ ಎಂಬುದನ್ನು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.