ಹಳೆಯ ಪಂಚೆ, ಉಪ್ಪಿನ ಕುಕ್ಕರು, ಸಂತರ ಸಂಜೆ

ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಂತೆ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಶಾಲೆಯಲ್ಲಿ ಹ್ಯಾಲೋವೀನ್ ಅಂತ್ರೀ. ಹುಡುಗನಿಗೆ ವೇಷ ಹಾಕಿಸಬಹುದೇನ್ರಿ?" ತಾಳಿಕೋಟೆ, ಮುದ್ದೇಬಿಹಾಳದ ಕಡೆಯಿಂದ ದುಡಿಯಲು ಬೆಂಗಳೂರು ಸೇರಿದ ಕುಟುಂಬಗಳಲ್ಲಿ ಈ ಪ್ರಶ್ನೆ ಹೆಚ್ಚು. ಬೇಡವೆಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ವೇಷ ಹಾಕಬೇಕೆಂಬ ಮಗುವಿನ ಆಸೆಯಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಯಾವ ವೇಷ ಎಂಬುದಷ್ಟೇ ನನ್ನ ಚಿಂತೆ.

ಹ್ಯಾಲೋವೀನ್ ಎಂಬ ಹೆಸರಿನ ಮೂಲಾರ್ಥ ಸಂತರ ಹಬ್ಬದ ಹಿಂದಿನ ಸಂಜೆ ಎಂದು. ನವೆಂಬರ್ 1 ಸಕಲ ಸಂತರ ಮಹೋತ್ಸವ, ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಈ ದಿನಗಳಲ್ಲಿ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ, ಆತ್ಮದ ರೊಟ್ಟಿ ಎಂದು ಕರೆಯುತ್ತಿದ್ದ ಸಣ್ಣ ಸಿಹಿ ಬಿಲ್ಲೆಗಳನ್ನು ಪಡೆಯುತ್ತಿದ್ದರು. 19ನೆಯ ಶತಮಾನದಲ್ಲಿ ಐರ್ಲೆಂಡಿನ ವಲಸಿಗರೊಡನೆ ಈ ಸಂಜೆಯ ಆಚರಣೆಗಳು ಅಮೆರಿಕೆಗೆ ಹೋದವು. ಅಲ್ಲಿಂದ ನಮ್ಮ ಅಂಗಡಿಗಳಿಗೆ ಬರುವಷ್ಟರಲ್ಲಿ ಪ್ರಾರ್ಥನೆ ಬಿದ್ದುಹೋಗಿ, ಪ್ಲಾಸ್ಟಿಕ್ಕಿನ ತಲೆಬುರುಡೆ ಉಳಿಯಿತು.

ಮನೆಮನೆಗೆ ಹೋಗುವ ಮಕ್ಕಳು ನಮಗೇನು ಹೊಸಬರೇ? ಡೋಣಿ ನದಿಯ ಸೀಮೆಯಲ್ಲಿ ಮೊಹರಂ ಬಂದಾಗ, ಹರಕೆ ಹೊತ್ತ ಮನೆಯ ಮಗು ಕೊರಳಿಗೆ ಲಾಡಿ ಕಟ್ಟಿಕೊಂಡು ಫಕೀರನಾಗಿ ನೆರೆಯವರ ಬಾಗಿಲಿಗೆ ಹೋಗುತ್ತದೆ. ಹಿಂದೂ, ಮುಸ್ಲಿಂ ಎಂಬ ಎಣಿಕೆಯಿಲ್ಲದೆ ಅದರ ಜೋಳಿಗೆಗೆ ಕಾಳುಕಡಿ ಬೀಳುತ್ತದೆ. ಒಲೆಯ ಮೇಲೆ ಬೆಲ್ಲದ ಚೊಂಗೆ ಸಿದ್ಧವಾಗುತ್ತದೆ. ಮಹಾನವಮಿ ಅಮಾವಾಸ್ಯೆಯಂದು ನಮ್ಮ ನೆರೆಹೊರೆಯವರು ಗತಿಸಿದ ಹಿರಿಯರಿಗೆ ಎಡೆ ಇಡುತ್ತಾರೆ. ವಿಶ್ವಾಸ ಬೇರೆಯಾದರೂ ನಾನು ಇಲ್ಲಿ ಗಮನಿಸುವುದು ಒಂದನ್ನು: ಸತ್ತವರನ್ನು ಇಲ್ಲಿ ಊಟಕ್ಕೆ ಕರೆಯುತ್ತಾರೆ, ಬಾಗಿಲಿಗೆ ತೂಗುಹಾಕಿ ನಗುವುದಿಲ್ಲ. 1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ಊರು ಇದು. ಸಾವಿನ ಪರಿಚಯಕ್ಕೆ ನಾವು ಬಾಡಿಗೆಯ ಮುಖವಾಡ ತರಬೇಕಾಗಿಲ್ಲ.

2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿ ಬಿದ್ದಿತ್ತು. ದೀಪಾವಳಿಯ ರಜೆಗೆ ಊರಿಗೆ ಬಂದ ಕುಟುಂಬವೊಂದು ನವೆಂಬರ್ 2ರಂದು ಅಜ್ಜಿಯ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಲು ನಿಂತಿತ್ತು. ಆ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಏಳು ವರ್ಷದ ಮೊಮ್ಮಗ ಮಾತ್ರ ಗೇಟಿನಿಂದ ಒಳಗೆ ಬರಲೊಲ್ಲ. ಹತ್ತಿರ ಹೋಗಿ ವಿಚಾರಿಸಿದೆ. ರಜೆಗೆ ಮುಂಚೆ ಶಾಲೆಯಲ್ಲಿ ಗೋರಿಯಿಂದ ಎದ್ದುಬರುವ ಎಲುಬುಗಳ ಆಟ ಆಡಿಸಿದ್ದರಂತೆ. "ಫಾದರ್, ಆಯಿ ಈಗ ದೆವ್ವ ಆಗ್ಯಾಳೇನ್ರೀ?" ಎಂದು ಕೇಳಿದ. ಯಾರ ಮಡಿಲಲ್ಲಿ ಮಲಗಿ ಬೆಳೆದನೋ ಆಕೆಗೇ ಹೆದರುತ್ತಿದ್ದ! ಇಲ್ಲಪ್ಪ, ಆಯಿ ದೇವರ ಹತ್ತಿರ ಇದ್ದಾಳೆ, ನಿನ್ನನ್ನು ಮರೆತಿಲ್ಲ ಎಂದೆ. ಆತನ ತಂದೆ ಎತ್ತಿಕೊಂಡು ಒಳಗೆ ತಂದರು. ಕಣ್ಣು ಮುಚ್ಚಿಕೊಂಡೇ ಇದ್ದ.

ಆದ್ದರಿಂದ ತಾಯಂದಿರೇ, ವೇಷ ಹಾಕಿಸಿ. ಸಂತರ ವೇಷ ಹಾಕಿಸಿ. 2002ರಲ್ಲಿ ಪ್ಯಾರಿಸಿನ ಕಥೋಲಿಕರು ಇದೇ ಸಂಜೆಗೆ ಹೋಲಿವಿನ್ಸ್ ಎಂಬ ಹೆಸರಿನಲ್ಲಿ ಸಂತರ ಉತ್ಸವ ಆರಂಭಿಸಿದರು. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಕಂದು ಬಣ್ಣದ ಹಳೆಯ ಚಾದರವೊಂದನ್ನು ನಡುವೆ ಕತ್ತರಿಸಿ ತಲೆ ತೂರಿಸಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ ಬಿಗಿದರೆ ಅಸಿಸಿಯ ಸಂತ ಫ್ರಾನ್ಸಿಸ್. ಬಿಳಿಯ ಅಂಗಿ, ಕಪ್ಪು ಶಾಲು, ಕೈಯಲ್ಲೊಂದು ಕಸಬರಿಗೆ ಇದ್ದರೆ ಲೀಮಾ ನಗರದ ಸಂತ ಮಾರ್ಟಿನ್. ಮಠದ ಕಸ ಗುಡಿಸಿದ ಆ ಪುಣ್ಯಾತ್ಮರ ಹಬ್ಬ ನವೆಂಬರ್ 3ಕ್ಕೆ. ಅಜ್ಜನ ಹಳೆಯ ಪಂಚೆ ಉಡಿಸಿ, ಕೈಗೆ ಕಾಗದದ ಸರಪಳಿ ತೊಡಿಸಿದರೆ ನಮ್ಮ ದೇಶದವರೇ ಆದ ಸಂತ ದೇವಸಹಾಯಂ. ತಿರುವಾಂಕೂರಿನ ಈ ಗೃಹಸ್ಥರು 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರು. 2022ರ ಮೇ 15ರಂದು ಸಂತ ಪದವಿಗೇರಿದರು. ಅದೇ ಪಂಚೆಗೆ ಕಚ್ಚೆ ಹಾಕಿ ಪೇಟ ಸುತ್ತಿದರೆ ಮರುದಿನದ ರಾಜ್ಯೋತ್ಸವಕ್ಕೆ ಸಂಗೊಳ್ಳಿ ರಾಯಣ್ಣನೂ ಆಯಿತು! ಹೊಲಿಯುವಾಗ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಆ ಸಂತರ ಕಥೆ ಹೇಳಿರಿ. ಬಾಡಿಗೆಯ ಅಂಗಡಿಯಲ್ಲಿ ಆ ಅವಕಾಶ ಸಿಗುವುದಿಲ್ಲ.

ತಿನಿಸಿಗೆ ನಾನ್‌ಖಟಾಯಿ ಸಾಕು. ಓವನ್ ಇಲ್ಲವೆಂಬ ಚಿಂತೆ ಬೇಡ. ಅರ್ಧ ಬಟ್ಟಲು ಗಟ್ಟಿ ತುಪ್ಪವನ್ನು ಅರ್ಧ ಬಟ್ಟಲು ಸಕ್ಕರೆ ಪುಡಿಯೊಡನೆ ಬೆಳ್ಳಗಾಗುವವರೆಗೆ ನಾದಿರಿ. ಈ ಕೆಲಸ ಮಕ್ಕಳಿಗೆ ಬಲು ಇಷ್ಟ. ಒಂದು ಬಟ್ಟಲು ಮೈದಾ, ಎರಡು ಚಮಚ ಕಡಲೆಹಿಟ್ಟು, ಏಲಕ್ಕಿ, ಚಿಟಿಕೆ ಸೋಡಾ ಬೆರೆಸಿ ಉಂಡೆ ಕಟ್ಟಿ ಮೆಲ್ಲಗೆ ಅದುಮಿರಿ. ಕುಕ್ಕರಿನ ರಬ್ಬರನ್ನೂ ಸೀಟಿಯನ್ನೂ ತೆಗೆದಿಟ್ಟು, ತಳಕ್ಕೆ ಒಂದು ಬೆರಳು ದಪ್ಪ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ. ನೀರು ಹಾಕಬಾರದು. ಉಪ್ಪಿನ ಮೇಲೆ ಸಣ್ಣ ಸ್ಟ್ಯಾಂಡು, ಅದರ ಮೇಲೆ ತುಪ್ಪ ಸವರಿದ ತಟ್ಟೆ. ಉಂಡೆಗಳನ್ನು ದೂರದೂರ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಅಂಚು ಕೆಂಪಾಗುತ್ತದೆ. ಬಿಸಿಯಲ್ಲಿ ಮೆತ್ತಗಿದೆಯೆಂದು ಮತ್ತೆ ಒಲೆಗೆ ಇಡಬೇಡಿ, ಆರಿದ ಮೇಲೆ ತಾನೇ ಗರಿಗರಿಯಾಗುತ್ತದೆ.

ಸಂಜೆ ವೇಷ ತೊಟ್ಟ ಮಕ್ಕಳನ್ನು ಓಣಿಗೆ ಕಳುಹಿಸುವಾಗ ಬೇಡುವ ಬುಟ್ಟಿ ಕೊಡದೆ ಈ ನಾನ್‌ಖಟಾಯಿಯ ಡಬ್ಬಿ ಕೊಡಿರಿ. ಮೊದಲ ತಟ್ಟೆ ಈ ವರ್ಷ ಸಾವು ಕಂಡ ಮನೆಗೆ ಹೋಗಲಿ. ಅಂಥ ಮನೆಯಲ್ಲಿ ಆ ವರ್ಷ ಸಿಹಿ ಮಾಡಿರುವುದಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಮಗುವೇ ಬಾಗಿಲು ತಟ್ಟಲಿ. ಒಳಗಿನವರು ತೀರಿಕೊಂಡವರ ಹೆಸರು ಹೇಳಿದರೆ ಅಲ್ಲೇ ನಿಂತು ಒಂದು ಪ್ರಾರ್ಥನೆ ಮಾಡಿ ಬರಲಿ.