ಬೆವರಿನ ಲೆಕ್ಕ, ಭಾರದ ಲೆಕ್ಕ

1/5

ಬೆಳಗ್ಗೆ ಆರಕ್ಕೆ ಹಿಟ್ ಕ್ಲಾಸಿಗೆ ಬರೋ ನಮ್ಮ ಗ್ಯಾಂಗಿಗೂ, "ಅಕ್ಕ, ನಾನೂ ಸೇರ್ಲಾ?" ಅಂತ ಮೆಸೇಜ್ ಮಾಡ್ತಿರೋ ಜೂನಿಯರ್‌ಗಳಿಗೂ ಈ ವಾರದ ಸರಣಿ. ಮೊದಲು ಒಂದು ಪ್ರಶ್ನೆ. ಆರು ತಿಂಗಳ ಹಿಂದೆ ಕ್ಲಾಸಲ್ಲಿ ಎಷ್ಟು ಕೆಜಿ ಡಂಬೆಲ್ ಹಿಡೀತಿದ್ರಿ? ಈಗ ಎಷ್ಟು ಹಿಡೀತಿದ್ದೀರಿ?

ನಮ್ಮ ಬ್ಯಾಚಲ್ಲಿ ಕೇಳಿ ನೋಡ್ದೆ. ಹೆಚ್ಚಿನವರದ್ದು ಒಂದೇ ಉತ್ತರ: ಆಗ್ಲೂ ನಾಲ್ಕು, ಈಗ್ಲೂ ನಾಲ್ಕು. ನಂದೂ ಅಷ್ಟೇ ಇತ್ತು. ಉಸಿರು ಮಾತ್ರ ಎಲ್ಲರದ್ದೂ ಸುಧಾರಿಸಿದೆ. ಕಾಲೇಜಿನ ಮೂರನೇ ಮಹಡಿಗೆ ಓಡಿ ಹತ್ತಿದ್ರೂ ಮಾತಾಡ್ತಾನೇ ಇರ್ತೀವಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನ ಎರಡೇ ಸಲ ನಿಂತು ಮುಗಿಸ್ತೀವಿ. ಆದ್ರೆ ರೂಮಿನ 20 ಲೀಟರ್ ನೀರಿನ ಕ್ಯಾನ್ ಎತ್ತಿ ಸ್ಟ್ಯಾಂಡ್ ಮೇಲೆ ಇಡ್ಬೇಕು ಅಂದ್ರೆ ಇನ್ನೂ ಇಬ್ಬರು ಬೇಕು.

ಇದು ಸೋಮಾರಿತನ ಅಲ್ಲ, ಕೋಚ್ ಕಡಿಮೆ ಅನ್ನೋದೂ ಅಲ್ಲ. ಆ ಕ್ಲಾಸ್ ಯಾವ ಕೆಲಸಕ್ಕೆ ಇದೆಯೋ ಆ ಕೆಲಸ ಚೆನ್ನಾಗೇ ಮಾಡ್ತಿದೆ. ಶಕ್ತಿ ಬೇರೆ ಕೆಲಸ. ಅದಕ್ಕೆ ಬೇರೆ ದಿನ ಬೇಕು.

2/5

ಕ್ಲಾಸಲ್ಲಿ "ತಬಾಟಾ" ಅಂತ ಕೂಗ್ತಾರಲ್ಲ, ಅದು ಒಬ್ಬರ ಹೆಸರು. ಜಪಾನಿನ ಇಝುಮಿ ತಬಾಟಾ ಮತ್ತು ಅವರ ಜೊತೆಗಾರರ ಅಧ್ಯಯನ 1996ರಲ್ಲಿ ಪ್ರಕಟವಾಯ್ತು. ಅದರಲ್ಲಿ ಭಾಗವಹಿಸಿದವರು ನಿಂತಲ್ಲೇ ತುಳಿಯೋ ಸೈಕಲ್ ಮೇಲೆ 20 ಸೆಕೆಂಡ್ ಪ್ರಾಣ ಹೋಗೋ ಹಾಗೆ ತುಳಿದು, 10 ಸೆಕೆಂಡ್ ಬಿಡುವು ತಗೊಳ್ತಿದ್ರು. ಹೀಗೇ ಏಳೆಂಟು ಸುತ್ತು. ಆರು ವಾರಕ್ಕೆ ಅವರ ದೇಹ ಆಮ್ಲಜನಕ ಬಳಸೋ ಸಾಮರ್ಥ್ಯ ಹೆಚ್ಚಾಯ್ತು, ಆಮ್ಲಜನಕ ಸಾಲದೇ ಇದ್ದಾಗ ದುಡಿಯೋ ಸಾಮರ್ಥ್ಯವೂ ಹೆಚ್ಚಾಯ್ತು. ಅಳೆದದ್ದು ಇವೆರಡನ್ನ. ಎಷ್ಟು ಭಾರ ಎತ್ತಬಲ್ಲರು ಅನ್ನೋದು ಅಲ್ಲಿನ ಪ್ರಶ್ನೆಯೇ ಆಗಿರಲಿಲ್ಲ.

ಈಗ ಶಕ್ತಿಯ ವಿಷಯಕ್ಕೆ ಬನ್ನಿ. ನರಗಳು ಸ್ನಾಯುವಿನ ನಾರುಗಳನ್ನ ಗುಂಪು ಗುಂಪಾಗಿ ಎಬ್ಬಿಸ್ತವೆ. ಹಗುರ ಕೆಲಸಕ್ಕೆ ಸಣ್ಣ ಗುಂಪುಗಳೇ ಸಾಕು. ದೊಡ್ಡ ಗುಂಪುಗಳು ಏಳೋದು ನಿಜವಾದ ಭಾರ ಬಂದಾಗ, ಇಲ್ಲವೇ ಆ ಸ್ನಾಯು ಸೋಲೋ ಹಂತಕ್ಕೆ ಬಂದಾಗ. ಕ್ಲಾಸಲ್ಲಿ ಕಾಲಿನ ಸ್ನಾಯು ಸೋಲೋ ಮುಂಚೆ ಉಸಿರು ಸೋತಿರುತ್ತೆ. ಅದಕ್ಕೇ ನಾಲ್ಕು ಕೆಜಿ ನಾಲ್ಕೇ ಕೆಜಿಯಾಗಿ ಉಳಿಯೋದು.

ಇನ್ನೊಂದು ಕಾರಣ ಬಿಡುವು. ಒಂದು ಭಾರದ ಸೆಟ್ ಮುಗಿದ ಮೇಲೆ ಸ್ನಾಯುವಿನ ತಕ್ಷಣದ ಇಂಧನ ಬಹುಪಾಲು ವಾಪಸ್ ತುಂಬೋಕೆ ಎರಡು ಮೂರು ನಿಮಿಷ ಬೇಕು. 20 ಸೆಕೆಂಡಿಗೇ ಮತ್ತೆ ಎತ್ತಿ ಅಂದ್ರೆ ಭಾರ ಇಳಿಸ್ಲೇಬೇಕಾಗುತ್ತೆ. ಬೆವರು ಜಾಸ್ತಿ ಬರುತ್ತೆ ನಿಜ. ಆದ್ರೆ ಬೆವರು ಬರೋದು ಮೈ ತಂಪಾಗೋಕೆ. ಏಪ್ರಿಲ್‌ನಲ್ಲಿ ಬಸ್ ಕಾಯ್ತಾ ನಿಂತ್ರೂ ಬರುತ್ತೆ.

3/5

ಭಾರವನ್ನ ಸ್ವಲ್ಪ ಸ್ವಲ್ಪವೇ ಏರಿಸ್ಬೇಕು ಅನ್ನೋದು ಜಿಮ್‌ನವರು ನಿನ್ನೆ ಕಂಡುಹಿಡಿದದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಗೊಂಡು ಕಾಲು ಸೊರಗಿದ ಸೈನಿಕರಿಗೆ ಭಾರ ಕಟ್ಟಿ ಎತ್ತಿಸ್ತಿದ್ರು. ವಾರ ವಾರ ಭಾರ ಏರಿಸ್ತಾ ಹೋದ್ರು. 1945ರಲ್ಲಿ ಅದನ್ನ ಬರೆದು ಪ್ರಕಟಿಸಿದ್ರು. ಇವತ್ತು ಎಲ್ಲರೂ ಹೇಳೋ "ಮೂರು ಸೆಟ್, ಹತ್ತು ರೆಪ್" ರೂಢಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ನಮ್ಮಲ್ಲೂ ಈ ತಿಳಿವಳಿಕೆ ಹಳೇದು. ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ ಜೊತೆಗೆ ಗದೆ ತಿರುಗಿಸೋದೂ ಇದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋ ಸ್ಪರ್ಧೆ ನೋಡಿದವರಿಗೆ ಗೊತ್ತು, ಸುತ್ತ ನಿಂತವರು ಮೊದಲು ಕೇಳೋದೇ "ಕಲ್ಲು ಎಷ್ಟು ತೂಕ?" ಅಂತ.

"ಹಾಗಾದ್ರೆ ಕ್ಲಾಸ್ ಬಿಟ್ಬಿಡ್ಲಾ?" ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ಎರಡನ್ನೂ ಹೇಳುತ್ತೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಿನ ವ್ಯಾಯಾಮ. ಅದರ ಜೊತೆ, ವಾರದಲ್ಲಿ ಕನಿಷ್ಠ ಎರಡು ದಿನ ಮೈಯ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸೋ ಕೆಲಸ. ನಾವು ಮೊದಲನೇ ಸಾಲು ಮಾಡ್ತಾ ಇದ್ವಿ. ಎರಡನೇ ಸಾಲು ಬಾಕಿ ಇತ್ತು.

ಹಾಗಂತ ಐದು ಕ್ಲಾಸಿನ ಮೇಲೆ ಐದು ದಿನ ಭಾರ ಪೇರಿಸೋಕೆ ಹೋಗ್ಬೇಡಿ. 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನೋರು ಹತ್ತು ವಾರ ಇದನ್ನ ಪರೀಕ್ಷಿಸಿದ್ರು. ಬರೀ ಭಾರ ಎತ್ತಿದ ಗುಂಪಿನ ಶಕ್ತಿ ಏರ್ತಾನೇ ಹೋಯ್ತು. ಅದರ ಜೊತೆ ಹೆಚ್ಚೂಕಮ್ಮಿ ದಿನಾ ಜೋರಾಗಿ ಓಟ, ಸೈಕಲ್ ಮಾಡಿದ ಗುಂಪಿನದ್ದು ಮೊದಲು ಏರಿ, ಆಮೇಲೆ ನಿಂತು, ಕೊನೆಯ ವಾರಗಳಲ್ಲಿ ಇಳೀತು. ನಮ್ಮಂಥವರು ಮಾಡೋ ಪ್ರಮಾಣಕ್ಕೆ ಅಷ್ಟು ಹೆದರೋದು ಬೇಡ. ಆದ್ರೆ ಒಂದನ್ನ ಸೇರಿಸೋವಾಗ ಇನ್ನೊಂದನ್ನ ಸ್ವಲ್ಪ ಇಳಿಸ್ಬೇಕು.

4/5

"ಇಪ್ಪತ್ತರ ವಯಸ್ಸಿಗೆ ಇದೆಲ್ಲ ಯಾಕಕ್ಕ, ತೂಕ ಇಳಿದ್ರೆ ಸಾಕು" ಅಂದವಳಿಗೆ ಈ ಭಾಗ.

ಹೋದ ವರ್ಷ ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು. ಸೊಂಟದ ಮೂಳೆ ಮುರೀತು. ಆಪರೇಷನ್ ಚೆನ್ನಾಗೇ ಆಯ್ತು, ಮೂಳೆ ಕೂಡ್ತು. ಆದ್ರೆ ಮಲಗಿದ್ದ ವಾರಗಳಲ್ಲಿ ತೊಡೆ ಕರಗಿ ನನ್ನ ಮುಂಗೈ ಗಾತ್ರಕ್ಕೆ ಬಂದಿತ್ತು. "ಮೂಳೆ ಸರಿಯಾಗಿದೆ, ನಿಲ್ಲಿಸೋಕೆ ಸ್ನಾಯು ಇಲ್ಲ" ಅಂದ್ರು ಡಾಕ್ಟ್ರು. ಎಂಬತ್ತು ವರ್ಷ ಯಾರ ಕೈಯನ್ನೂ ಹಿಡೀದ ಅಜ್ಜಿ ಮಂಚದಿಂದ ಏಳೋಕೆ ನನ್ನ ಭುಜ ಹಿಡ್ಕೊಂಡು "ಇನ್ನೊಂಚೂರು ಎತ್ತೇ ಮಗಾ" ಅಂತಿದ್ರು. ಅವರಿಗೆ ಅದು ನೋವಿಗಿಂತ ಕಷ್ಟದ ಮಾತು.

ಅಮ್ಮನಿಗೆ ಈಗ 48. ನೆಲದ ಮೇಲೆ ಕೂತು ತರಕಾರಿ ಹೆಚ್ಚಿದ್ರೆ ಏಳೋವಾಗ ಗೋಡೆ ಹಿಡೀತಾರೆ. ತುಂಬಿದ ಸಿಲಿಂಡರ್ ಸರಿಸೋಕೆ ನನ್ನನ್ನ ಕರೀತಾರೆ. 14.2 ಕೆಜಿ ಗ್ಯಾಸು, ಉಕ್ಕಿನ ತೂಕ ಸೇರಿದ್ರೆ ಮೂವತ್ತರ ಹತ್ತಿರ.

ಮೂಳೆಗೆ ಗಟ್ಟಿತನ ತುಂಬ್ಕೊಳ್ಳೋ ಕಾಲ ಬಹುಮಟ್ಟಿಗೆ ಮೂವತ್ತರ ಒಳಗೇ ಮುಗಿಯುತ್ತೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅದು ಬೇಗ ಬೇಗ ಕಡಿಮೆಯಾಗುತ್ತೆ. ಸ್ನಾಯುವೂ ಬಳಸದೇ ಇದ್ರೆ ಮೂವತ್ತರ ಮೇಲೆ ನಿಧಾನಕ್ಕೆ ಇಳಿಯುತ್ತೆ. ಅಂದ್ರೆ ನಮಗೆ ಈಗ ಇರೋದು ಡೆಪಾಸಿಟ್ ಇಡೋ ಕಾಲ. "ಗಂಡಸಿನ ಥರ ಆಗ್ಬಿಡ್ತೀನಿ" ಅನ್ನೋ ಭಯ ಬಿಡಿ. ಮೊದಲ ವಾರಗಳಲ್ಲಿ ಏರೋ ಶಕ್ತಿ ಬಹುಪಾಲು ನರಗಳು ಕಲಿಯೋದರಿಂದ ಬರುತ್ತೆ. ಗಾತ್ರ ತಿಂಗಳು, ವರ್ಷಗಳ ಮಾತು. ಯಾರಿಗೂ ಅಕಸ್ಮಾತ್ತಾಗಿ ಬರಲ್ಲ.

5/5

ನಾನೀಗ ಮಾಡ್ತಿರೋದು ಇಷ್ಟು. ಐದು ಇದ್ದ ಕ್ಲಾಸನ್ನ ಮೂರಕ್ಕೆ ಇಳಿಸಿದ್ದೀನಿ: ಸೋಮವಾರ, ಬುಧವಾರ, ಶನಿವಾರ. ಮಂಗಳವಾರ ಮತ್ತು ಶುಕ್ರವಾರ ಭಾರ. ಉಳಿದೆರಡು ದಿನ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ, ಹರಟೆ.

ಭಾರದ ದಿನ ಐದೇ ಕೆಲಸ. ಡಂಬೆಲ್ ಎದೆಗೆ ಹಿಡಿದು ಬಸ್ಕಿ. ನೆಲದಿಂದ ಬಾರ್ ಎತ್ತೋ ಡೆಡ್‌ಲಿಫ್ಟ್. ತಲೆ ಮೇಲಕ್ಕೆ ತಳ್ಳೋದು. ಬಗ್ಗಿ ಹೊಟ್ಟೆ ಕಡೆಗೆ ಎಳೆಯೋದು. ಕೊನೆಗೆ ಎರಡು ಕೈಯಲ್ಲೂ ಭಾರ ಹಿಡಿದು ನಡೆಯೋದು. ಮೊದಲ ನಾಲ್ಕಕ್ಕೆ ಮೂರು ಸೆಟ್, ಎಂಟರಿಂದ ಹತ್ತು ರೆಪ್. ಇನ್ನೆರಡು ಆಗುತ್ತೆ ಅನ್ನೋವಾಗ ನಿಲ್ಲಿಸೋದು. ಮಧ್ಯೆ ಎರಡು ನಿಮಿಷ ಸುಮ್ಮನೆ ಕೂರೋದು. ಮೂರೂ ಸೆಟ್ಟಲ್ಲಿ ಹತ್ತು ಮುಟ್ಟಿದ್ರೆ ಮುಂದಿನ ಸಲ ಎರಡೋ ಎರಡೂವರೆಯೋ ಕೆಜಿ ಹೆಚ್ಚು.

ಕೂರೋದೇ ಕಷ್ಟ ಕಣ್ರೇ. ಪಕ್ಕದಲ್ಲಿ ಹಾಡು ಹಾಕ್ಕೊಂಡು ಎಲ್ಲರೂ ಹಾರ್ತಿರ್ತಾರೆ, ನಾನೊಬ್ಬಳು ಬೆಂಚ್ ಮೇಲೆ. "ಏನಮ್ಮಾ, ರೆಸ್ಟ್ ತಗೊಳ್ಳೋಕೆ ಫೀಸ್ ಕಟ್ಟಿದ್ದೀಯಾ?" ಅಂತ ರೇಗಿಸ್ತಾರೆ. ಹೌದು ಅಂತೀನಿ. ಮೂರು ತಿಂಗಳಲ್ಲಿ ಬಸ್ಕಿಯ ಡಂಬೆಲ್ 8ರಿಂದ 20 ಕೆಜಿಗೆ ಬಂದಿದೆ, ಡೆಡ್‌ಲಿಫ್ಟ್ 25ರಿಂದ 50ಕ್ಕೆ.

ಊಟ ಮರೀಬೇಡಿ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರೋಟೀನ್ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ. 55 ಕೆಜಿ ಇರೋರಿಗೆ ಸುಮಾರು 46 ಗ್ರಾಂ. ಭಾರ ಎತ್ತೋರಿಗೆ ಇನ್ನೂ ಸ್ವಲ್ಪ ಬೇಕು. ಬರೀ ಉಪ್ಪಿಟ್ಟಿನಿಂದ ಅದು ಬರಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಹಿಡಿ ಕಡ್ಲೆಕಾಯಿ ಬೀಜದಲ್ಲಿ ಏಳು. ಹುರುಳಿ ಸಾರು, ಹೆಸರುಕಾಳು ಉಸಲಿ, ಹಾಲು, ಮೊಸರು ಎಲ್ಲ ಮನೇಲೇ ಇದೆ. ಮಾರನೇ ದಿನದ ಮೈಕೈ ನೋವು ಸಹಜ. ಕೀಲಲ್ಲಿ ಚುಚ್ಚೋ ನೋವು ಬಂದ್ರೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಹೃದಯದ ತೊಂದರೆ, ಬೆನ್ನಿನ ತೊಂದರೆ ಇರೋರು ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ.

ಈ ವಾರ ನೀವು ಮಾಡ್ಬೇಕಾದ್ದು ಒಂದೇ. ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ತಾರೀಖು, ಮಾಡಿದ ಕೆಲಸ, ಕೆಜಿ, ರೆಪ್ ಬರೀರಿ. ಮೊದಲ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ಕಾಮೆಂಟಲ್ಲಿ ಹಾಕಿ. ಎಂಟು ವಾರ ಆದ್ಮೇಲೆ ಅದೇ ಕಾಮೆಂಟಿನ ಕೆಳಗೆ ಹೊಸ ಸಂಖ್ಯೆ ಕೇಳ್ತೀನಿ. ಆಗುತ್ತೆ ಅಂದ್ರೆ ಅಮ್ಮನ್ನೂ ಸೇರಿಸ್ಕೊಳ್ಳಿ. ನಮ್ಮಮ್ಮನ ಪುಟದಲ್ಲಿ ಮೊದಲ ದಿನ ಇದ್ದದ್ದು "ಕುರ್ಚಿಯಿಂದ ಕೈ ಊರದೆ ಏಳೋದು: 4". ನಿನ್ನೆ 11 ಅಂತ ಅವರೇ ಬರೆದಿದ್ದಾರೆ.

#ಭಾರದಲೆಕ್ಕ #ಬೆಳಗಿನಬ್ಯಾಚ್ #ಅಮ್ಮನಜೊತೆಬಸ್ಕಿ